ಗೆದ್ದ ಜಮೀನಿನ ಮೇಲೆ ಮತ್ತೆ ದಾವೆ, ಮತ್ತೆ ಎ.ಸಿ. ಅಪೀಲು: ಯಾವುದನ್ನು ಎಲ್ಲಿ ತಡೆಯಬೇಕು?

ಹಳೇಕಡತ (ಪ್ರಶ್ನೆ)

ಹೆಸರುಗಳನ್ನು ಬಿಟ್ಟು ಸಂಗತಿ ಮಾತ್ರ ಬರೆಯುತ್ತಿದ್ದೇನೆ. ತುಮಕೂರು ಜಿಲ್ಲೆಯ ಖುಷ್ಕಿ ಜಮೀನು, 3 ಎಕರೆ 12 ಗುಂಟೆ. ಅಣ್ಣತಮ್ಮಂದಿರ ನಡುವೆ 1989ರಲ್ಲಿ ನೋಂದಾಯಿತ ಪಾಲುಪತ್ರ ಆಗಿ, ಇದು ಅಣ್ಣನ ಪಾಲಿಗೆ ಬಂತು. ಅಣ್ಣ 1996ರಲ್ಲಿ ನೋಂದಾಯಿತ ಕ್ರಯಪತ್ರ ಮಾಡಿಕೊಟ್ಟ. 1997ರಲ್ಲಿ ಎಂ.ಆರ್. (ಖಾತೆ ಬದಲಾವಣೆ) ಆಗಿ ಪಹಣಿಯ 9ನೇ ಕಾಲಂನಲ್ಲಿ ಖರೀದಿದಾರರ ಹೆಸರು ಕೂತಿತು. 2001ರಲ್ಲಿ ತಮ್ಮ ದಾವೆ ಹಾಕಿದ: 'ಪಾಲು ಆಗಿಯೇ ಇಲ್ಲ, ಇದು ಇನ್ನೂ ಕೂಡುಕುಟುಂಬದ ಆಸ್ತಿ, ಆ ಕ್ರಯಕ್ಕೆ ನಾನು ಬದ್ಧನಲ್ಲ' ಅಂತ. ಪೂರ್ತಿ ವಿಚಾರಣೆ ನಡೆದು 2008ರಲ್ಲಿ ವಜಾ. ಮೊದಲ ಮೇಲ್ಮನವಿ 2012ರಲ್ಲಿ ವಜಾ. ಹೈಕೋರ್ಟಿನಲ್ಲಿ ಆರ್‌ಎಸ್‌ಎ (ಎರಡನೇ ಮೇಲ್ಮನವಿ) 2015ರಲ್ಲಿ ಅಡ್ಮಿಷನ್ ಹಂತದಲ್ಲೇ ವಜಾ.

ಈಗ ಒಂದೇ ವರ್ಷದಲ್ಲಿ ಮೂರು ಬಂದಿವೆ:

1. ತಮ್ಮನ ಮಗ ಹೊಸದಾಗಿ ಪಾಲು ದಾವೆ ಹಾಕಿದ್ದಾನೆ. ಕೋರ್ಟು ಶುಲ್ಕ 200 ರೂಪಾಯಿ. ಖರೀದಿದಾರರು 6ನೇ ಪ್ರತಿವಾದಿ. ವಾದಪತ್ರದಲ್ಲಿ 2001ರ ದಾವೆಯ ಸುದ್ದಿಯೇ ಇಲ್ಲ. ನೋಟಿಸ್ ಕೊಡದೆಯೇ ಯಥಾಸ್ಥಿತಿ ಆದೇಶ ತಂದಿದ್ದಾನೆ.
2. ಅದೇ ಮಗ 1997ರ ಎಂ.ಆರ್. ವಿರುದ್ಧ ಎ.ಸಿ. (ಉಪವಿಭಾಗಾಧಿಕಾರಿ) ಮುಂದೆ ಅಪೀಲು ಹಾಕಿದ್ದಾನೆ, ಜೊತೆಗೆ ವಿಳಂಬ ಮನ್ನಾ ಅರ್ಜಿ. ಪಹಣಿಯ 11ನೇ ಕಾಲಂನಲ್ಲಿ ತಡೆಯಾಜ್ಞೆ ನಮೂದಾಗಿದೆ.
3. ಮಾರಿದ ಅಣ್ಣನ ಮಗಳಿಂದ ಲಾಯರ್ ನೋಟಿಸ್. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಮಗಳಿಗೂ ಜನ್ಮತಃ ಹಕ್ಕಿದೆ ಎಂಬ ವಾದ.

ಸ್ವಾಧೀನ 1996ರಿಂದ ಖರೀದಿದಾರರದ್ದೇ. ಯಾವುದಕ್ಕೆ ಮೊದಲು ಕೈಹಾಕಬೇಕು? ಇನ್ನು ಮುಂದೆ ಯಾರೂ ಕೋರ್ಟಿಗೆ ಹೋಗದಂತೆ ಒಂದೇ ಆದೇಶ ತರಲು ಆಗುತ್ತದೆಯೇ?

---

ಕಟಕಟೆ

ಮೊದಲನೆಯದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7 ರೂಲ್ 11 ಅಡಿ ವಾದಪತ್ರ ತಿರಸ್ಕರಿಸುವಂತೆ ಅರ್ಜಿ ಹಾಕಿ, ಹಳೆ ತೀರ್ಪು ಲಗತ್ತಿಸಿ. ರೆಸ್ ಜುಡಿಕೇಟಾ (ಒಮ್ಮೆ ತೀರ್ಮಾನವಾದ ವಿವಾದವನ್ನು ಮತ್ತೆ ಎತ್ತುವಂತಿಲ್ಲ ಎಂಬ ನಿಯಮ) ಇರುವಾಗ ವಾದಪತ್ರ ಮೊದಲ ತಾರೀಖಿಗೇ ತಿರಸ್ಕೃತವಾಗಬೇಕು. ಎರಡು, ಮೂರಕ್ಕೂ ಅದೇ ತೀರ್ಪು ಸಾಕು.

---

ಗುಂಟೆಲೆಕ್ಕ

ಕಟಕಟೆ ಅವರೆ, ಆ ದಾರಿಯಲ್ಲೇ ಎರಡು ವರ್ಷ ಕಳೆದುಹೋಗುವುದು. ಆರ್ಡರ್ 7 ರೂಲ್ 11ರಲ್ಲಿ ನ್ಯಾಯಾಧೀಶರು ನೋಡುವುದು ವಾದಪತ್ರ ಮತ್ತು ವಾದಿ ಅದರ ಜೊತೆ ಕೊಟ್ಟ ದಾಖಲೆ, ಅಷ್ಟೇ. ಪ್ರತಿವಾದಿ ತಂದ ಹಳೆ ತೀರ್ಪನ್ನು ಆ ಹಂತದಲ್ಲಿ ಓದುವಂತಿಲ್ಲ. ಬೆಳಗಾವಿಯ ಆಸ್ತಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಇದನ್ನೇ ಹೇಳಿದೆ. ಉಲ್ಲೇಖ (2021) 9 ಎಸ್‌ಸಿಸಿ 99 (ಎಸ್‌ಸಿಸಿ ಎಂದರೆ ಸುಪ್ರೀಂ ಕೋರ್ಟ್ ತೀರ್ಪುಗಳ ವರದಿ ಸಂಪುಟ). ಹಳೆ ದಾವೆಯ ವಾದಪತ್ರ, ವಿವಾದಾಂಶ, ತೀರ್ಪು ಇವನ್ನೆಲ್ಲ ತೂಗಿ ನೋಡದೆ ರೆಸ್ ಜುಡಿಕೇಟಾ ತೀರ್ಮಾನಿಸಲಾಗದು, ಆದ್ದರಿಂದ ಅದು ರೂಲ್ 11(ಡಿ)ಗೆ ಒಗ್ಗುವ ವಿಷಯವಲ್ಲ ಎಂಬುದು ಅದರ ಸಾರ. ಇಲ್ಲಿ ವಾದಿ ಹಳೆ ದಾವೆಯ ಸುದ್ದಿ ಎತ್ತದಿರುವುದು ಮರೆವಿನಿಂದಲ್ಲ. ವಾದಪತ್ರದಲ್ಲಿ ಆ ಸಾಲು ಬಂದರೆ ರೂಲ್ 11ಕ್ಕೆ ಬಾಗಿಲು ತೆರೆಯುತ್ತದೆ ಎಂದು ಬರೆದವರಿಗೆ ಗೊತ್ತು.

ಹಾಗಂತ ರೂಲ್ 11 ಪೂರ್ತಿ ವ್ಯರ್ಥವೂ ಅಲ್ಲ. 1977ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲೇ ನ್ಯಾ. ಕೃಷ್ಣ ಅಯ್ಯರ್ ಹೇಳಿದ್ದು ((1977) 4 ಎಸ್‌ಸಿಸಿ 467) ಇಂದಿಗೂ ನಡೆಯುತ್ತದೆ: ಜಾಣ ಬರವಣಿಗೆಯಿಂದ ದಾವೆಗೆ ಕಾರಣ ಇದ್ದಂತೆ ತೋರಿಸಿದ್ದರೆ, ಅಕ್ಷರಕ್ಕೆ ಜೋತು ಬೀಳದೆ ಅರ್ಥ ಹಿಡಿದು ಓದಿ ಮೊಳಕೆಯಲ್ಲೇ ಚಿವುಟಬೇಕು. ವಾದಪತ್ರದ ಜೊತೆ ವಾದಿಯೇ 1996ರ ಕ್ರಯಪತ್ರದ ನಕಲನ್ನೋ, 2001ರ ದಾವೆ ಸಂಖ್ಯೆ ನಮೂದಾದ ಪಹಣಿಯನ್ನೋ ಕೊಟ್ಟಿದ್ದಾನೆಯೇ ನೋಡಿ. ಕೊಟ್ಟಿದ್ದರೆ ಕಾಲಮಿತಿಯ ಮೇಲೆ ರೂಲ್ 11 ಹಾಕಲು ಆಧಾರ ಸಿಕ್ಕಿತು. ಒಂದು ಎಚ್ಚರಿಕೆ: ರೂಲ್ 11ರಲ್ಲಿ ವಾದಪತ್ರ ತಿರಸ್ಕೃತವಾದರೂ ರೂಲ್ 13ರ ಪ್ರಕಾರ ಅದೇ ಕಾರಣಕ್ಕೆ ಹೊಸ ವಾದಪತ್ರ ಹಾಕಬಹುದು. ಮತ್ತೆ ಮತ್ತೆ ದಾವೆ ಹೂಡುವವರ ವಿಷಯದಲ್ಲಿ ಅದು ಪೂರ್ತಿ ಗೆಲುವಲ್ಲ.

ನಾನು ಹೇಳುವ ಕ್ರಮ ಬೇರೆ. ಮೊದಲ ಕೆಲಸ ಯಥಾಸ್ಥಿತಿ ಆದೇಶವನ್ನು ತೆರವು ಮಾಡಿಸುವುದು. ದಾವೆ ಹತ್ತು ವರ್ಷ ನಡೆದರೂ ತಮ್ಮನ ಮಗನಿಗೆ ನಷ್ಟವಿಲ್ಲ. ಅವನಿಗೆ ಬೇಕಿದ್ದದ್ದು ಈ ಆದೇಶ. ಇದು ಇರುವವರೆಗೆ ಮಾರಲಾಗದು, ಬ್ಯಾಂಕ್ ಸಾಲ ಕೊಡದು, ಕೊನೆಗೆ ಇಷ್ಟು ಕೊಟ್ಟು ರಾಜಿ ಮಾಡಿಕೊಳ್ಳೋಣ ಅನ್ನುವ ಮಾತು ಬರುತ್ತದೆ. ಆರ್ಡರ್ 39 ರೂಲ್ 4ರ ಅರ್ಜಿ ಹಾಕಿ. ನೋಟಿಸ್ ಇಲ್ಲದೆ ಪಡೆದ ತಡೆಯಾಜ್ಞೆಯ ಅರ್ಜಿ ಅಥವಾ ಪ್ರಮಾಣಪತ್ರದಲ್ಲಿ ಮುಖ್ಯ ಸಂಗತಿಯ ಬಗ್ಗೆ ಗೊತ್ತಿದ್ದೂ ಸುಳ್ಳು ಅಥವಾ ದಾರಿ ತಪ್ಪಿಸುವ ಹೇಳಿಕೆ ಇದ್ದರೆ ಕೋರ್ಟು ಅದನ್ನು ತೆರವು ಮಾಡಲೇಬೇಕು, ಮಾಡದಿದ್ದರೆ ಕಾರಣ ಬರೆಯಬೇಕು ಎಂದು ಆ ರೂಲ್‌ನ ಮೊದಲ ಪರಂತುಕವೇ ಹೇಳುತ್ತದೆ. ರೂಲ್ 3ರ ಪಾಲನೆಯನ್ನೂ ಪರಿಶೀಲಿಸಿ: ಆದೇಶ ಆದ ದಿನ ಅಥವಾ ಮಾರನೇ ದಿನ ಪ್ರತಿವಾದಿಗೆ ಅರ್ಜಿ, ಪ್ರಮಾಣಪತ್ರ, ವಾದಪತ್ರ, ದಾಖಲೆಗಳ ನಕಲು ಕಳುಹಿಸಿ, ಕಳುಹಿಸಿದ್ದಕ್ಕೆ ಪ್ರಮಾಣಪತ್ರ ಹಾಕಿರಬೇಕು. ಹೆಚ್ಚಿನವರು ಇದನ್ನು ಮರೆತಿರುತ್ತಾರೆ. ಇಲ್ಲಿ ಹಳೆ ತೀರ್ಪು ತೋರಿಸಲು ಯಾವ ಅಡ್ಡಿಯೂ ಇಲ್ಲ. ತಡೆಯಾಜ್ಞೆಯ ಹಂತದಲ್ಲಿ ಎರಡೂ ಕಡೆಯ ದಾಖಲೆ ನೋಡುತ್ತಾರೆ. ತೆರವಾಗದಿದ್ದರೆ ಆರ್ಡರ್ 43 ರೂಲ್ 1(ಆರ್) ಅಡಿ ಮೇಲ್ಮನವಿ ಇದೆ.

ಎರಡನೆಯದು ಪ್ರತಿವಾದ ಪತ್ರ. ಸಮನ್ಸ್ ಜಾರಿಯಾದ 30 ದಿನದೊಳಗೆ, ಹೆಚ್ಚೆಂದರೆ 90 ದಿನ. ರೆಸ್ ಜುಡಿಕೇಟಾ ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ, ಅದನ್ನು ಸ್ಪಷ್ಟವಾಗಿ ಎತ್ತಬೇಕು. 'ಹಿಂದೆ ದಾವೆ ವಜಾ ಆಗಿದೆ' ಎಂಬ ಒಂದು ಸಾಲು ಸಾಲದು. ಹಳೆ ದಾವೆಯ ಸಂಖ್ಯೆ, ಕೋರ್ಟು, ಪಕ್ಷಕಾರರು, ಯಾವ ವಿವಾದಾಂಶ, ಅದಕ್ಕೆ ಏನು ಉತ್ತರ, ಮೇಲ್ಮನವಿಗಳಲ್ಲಿ ಏನಾಯಿತು ಎಲ್ಲವನ್ನೂ ಬರೆಯಿರಿ. ಆಮೇಲೆ ಆರ್ಡರ್ 14 ರೂಲ್ 2(2) ಅಡಿ ಅದನ್ನು ಪ್ರಾಥಮಿಕ ವಿವಾದಾಂಶ ಮಾಡಿ ಮೊದಲು ತೀರ್ಮಾನಿಸುವಂತೆ ಅರ್ಜಿ ಕೊಡಿ. ಕಾನೂನೇ ದಾವೆಗೆ ತಡೆ ಒಡ್ಡುವ ವಿಷಯವಾದ್ದರಿಂದ, ಸಾಕ್ಷಿ ಬೇಡದೆ ದಾಖಲೆಯಿಂದಲೇ ತೀರುವುದಾದರೆ ಕೇಳಲು ಹಕ್ಕಿದೆ.

ದಾಖಲೆ ಎಂದರೆ ಬರೀ ತೀರ್ಪು, ಡಿಕ್ರಿ ಅಲ್ಲ. ಹಳೆ ದಾವೆಯಲ್ಲಿ ಎರಡೂ ಕಡೆಯವರು ಏನು ಹೇಳಿದ್ದರು ಎಂಬುದು ಗೊತ್ತಾಗದೆ ವಿವಾದ ಒಂದೇ ಎಂದು ಹೇಳಲಾಗದು ((1976) 4 ಎಸ್‌ಸಿಸಿ 780). ಈ ಐದಾರರ ದೃಢೀಕೃತ ನಕಲು ಬೇಕು: ವಾದಪತ್ರ, ಅದರ ಷೆಡ್ಯೂಲ್, ಪ್ರತಿವಾದ ಪತ್ರ, ವಿವಾದಾಂಶಗಳು, ತೀರ್ಪು ಮತ್ತು ಡಿಕ್ರಿ, ಎರಡೂ ಮೇಲ್ಮನವಿಗಳ ತೀರ್ಪು. ರೆಕಾರ್ಡ್ ರೂಮಿನಲ್ಲಿ ಹಳೆ ಕಡತದ ಕೆಲವು ಭಾಗಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ. ತೀರ್ಪು ಉಳಿದರೂ ವಾದಪತ್ರ ಸಿಗದಿರಬಹುದು. ಸಿಗದಿದ್ದರೆ ಮೇಲ್ಮನವಿಯ ಕಡತದಲ್ಲಿ ಹುಡುಕಿ, ಅಲ್ಲಿ ನಕಲುಗಳು ಇರುತ್ತವೆ. ಸರ್ವೆ ನಂಬರಿಗೆ ಆಮೇಲೆ ಪೋಡಿ (ವಿಭಜನೆ) ಆಗಿ ಹೊಸ ಹಿಸ್ಸಾ ನಂಬರ್ ಬಂದಿದ್ದರೆ, 'ಅದು ಬೇರೆ ಜಮೀನು, ಇದು ಬೇರೆ' ಎಂಬ ವಾದ ಖಂಡಿತ ಬರುತ್ತದೆ. ಪೋಡಿ ನಕ್ಷೆ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ), ಹಳೆ ಟಿಪ್ಪಣಿ ಇವನ್ನೂ ಹಚ್ಚಿ, ಚೆಕ್ಕುಬಂದಿ ತಾಳೆ ಹಾಕಿ ತೋರಿಸಿ.

ಇನ್ನು ಮುಖ್ಯವಾದದ್ದು: 2008ರ ತೀರ್ಪನ್ನು ಕೊನೆಯ ಸಾಲಿನಿಂದ ಓದಬೇಡಿ, ವಿವಾದಾಂಶಗಳ ಉತ್ತರದಿಂದ ಓದಿ. ಮೂರು ತರಹ ಇರಬಹುದು.

'1989ರಲ್ಲಿ ಪಾಲಾಗಿದೆ, ಈ ಜಮೀನು ಅಣ್ಣನ ಪಾಲಿನದು' ಎಂದು ಸ್ಪಷ್ಟ ಉತ್ತರ ಇದ್ದರೆ ನೆಲ ಗಟ್ಟಿ. ದಾವೆ ಕಾಲಮಿತಿ ಮೀರಿದೆ ಎಂಬ ಒಂದೇ ಕಾರಣಕ್ಕೆ ವಜಾ ಆಗಿ, ಪಾಲಿನ ವಿಷಯಕ್ಕೆ ಉತ್ತರವೇ ಕೊಟ್ಟಿಲ್ಲದಿದ್ದರೆ ಹಕ್ಕಿನ ಮೇಲೆ ರೆಸ್ ಜುಡಿಕೇಟಾ ಇಲ್ಲ. ಮೂರನೆಯದು ಎಡವಿಸುವ ಜಾಗ: 'ಕೂಡುಕುಟುಂಬ ಹೌದು, ಆದರೆ ಕ್ರಯ ಕುಟುಂಬದ ಅಗತ್ಯಕ್ಕೆ ಆಗಿದೆ' ಎಂದು ದಾವೆ ವಜಾ ಆಗಿರಬಹುದು. ಕೂಡುಕುಟುಂಬ ಎಂಬ ಉತ್ತರ ಖರೀದಿದಾರರಿಗೆ ವಿರುದ್ಧ ಇದ್ದರೂ ದಾವೆ ಗೆದ್ದವರು ಅದರ ಮೇಲೆ ಅಪೀಲು ಮಾಡಬೇಕಿರಲಿಲ್ಲ, ಆದ್ದರಿಂದ ಅದು ಅವರನ್ನು ಕಟ್ಟಿಹಾಕುವುದಿಲ್ಲ. ಆದರೆ ಎದುರಿನವರು ಆ ಪ್ಯಾರಾ ಎತ್ತಿ ಓದಿಯೇ ಓದುತ್ತಾರೆ. ಉತ್ತರ ಸಿದ್ಧವಿರಲಿ.

ಮಗನಿಗೆ ಅಪ್ಪನ ದಾವೆ ಬದ್ಧವೇ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 11ರ ವಿವರಣೆ 6 ನೋಡಿ. ತನಗೂ ಇತರರಿಗೂ ಸಮಾನವಾಗಿ ಇರುವ ಹಕ್ಕಿಗಾಗಿ ಪ್ರಾಮಾಣಿಕವಾಗಿ ನಡೆಸಿದ ದಾವೆಯ ಫಲ ಆ ಇತರರಿಗೂ ತಗಲುತ್ತದೆ. ಅಪ್ಪ ತನ್ನ ಕವಲಿನ ಪರವಾಗಿ ಹೋರಾಡಿದ್ದರೆ, ಆಗ ಮಗ ಮೈನರ್ ಆಗಿದ್ದರೂ ತಪ್ಪಿಸಿಕೊಳ್ಳಲಾರ. ಅವನಿಗೆ ಉಳಿಯುವ ಒಂದೇ ಸಂದು, ಅಪ್ಪ ಖರೀದಿದಾರರ ಜೊತೆ ಶಾಮೀಲಾಗಿ ಸೋತ ಎಂದು ರುಜುವಾತು ಮಾಡುವುದು. ಎರಡು ಹಂತದ ಮೇಲ್ಮನವಿಯವರೆಗೆ ಹೋದವನ ಬಗ್ಗೆ ಶಾಮೀಲು ಎಂಬ ಮಾತು ನಿಲ್ಲುವುದು ಕಷ್ಟ. 'ನಮ್ಮಪ್ಪ ಸರಿಯಾಗಿ ಕೇಸ್ ನಡೆಸಲಿಲ್ಲ' ಎಂಬುದು ಶಾಮೀಲು ಅಲ್ಲ.

200 ರೂಪಾಯಿ ಶುಲ್ಕದ ಬಗ್ಗೆ. ಕರ್ನಾಟಕ ಕೋರ್ಟು ಶುಲ್ಕ ಕಾಯ್ದೆ, 1958ರ ಸೆಕ್ಷನ್ 35(2) ಪ್ರಕಾರ ತಾನೂ ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಬರೆದರೆ ಆಸ್ತಿ ಎಷ್ಟು ಬೆಲೆಯದಾದರೂ ಶುಲ್ಕ 200 ದಾಟುವುದಿಲ್ಲ. ಪಾಲು ದಾವೆಗಳು ಹೀಗೆ ಹುಟ್ಟಿಕೊಳ್ಳಲು ಇದೂ ಒಂದು ಕಾರಣ. ಆದರೆ 27 ವರ್ಷದ ಪಹಣಿ ಬೇರೆಯವರ ಹೆಸರಲ್ಲಿರುವಾಗ ಜಂಟಿ ಸ್ವಾಧೀನ ಎಂಬುದು ಬರೀ ಬಾಯಿಮಾತು. ಹೊರಗಿಡಲ್ಪಟ್ಟವನು 35(1) ಅಡಿ ತನ್ನ ಪಾಲಿನ ಬೆಲೆಗೆ ಶುಲ್ಕ ಕಟ್ಟಬೇಕು. ಅದೇ ಶುಲ್ಕ ಕಾಯ್ದೆಯ ಸೆಕ್ಷನ್ 11 ಅಡಿ ಈ ಆಕ್ಷೇಪಣೆ ಎತ್ತಿ. ಕಂದಾಯ ಕಟ್ಟುವ ಜಮೀನಿಗೆ ಬೆಲೆ ಕಂದಾಯದ 25 ಪಟ್ಟು ಮಾತ್ರ, ಹಾಗಾಗಿ ಖುಷ್ಕಿಯಲ್ಲಿ ದೊಡ್ಡ ಮೊತ್ತ ಬಾರದು. ಭೂಪರಿವರ್ತನೆ ಆಗಿದ್ದರೆ ಮಾತ್ರ ಈ ಆಕ್ಷೇಪಣೆಗೆ ನಿಜವಾದ ತೂಕ.

---

ಮೆಟ್ಟಿಲುಸವೆದವರು

ಕಂದಾಯದ ಭಾಗ ನಾನು ಹೇಳುತ್ತೇನೆ. ಸಿವಿಲ್ ಕೋರ್ಟಿಗೆ ಹೋಲಿಸಿದರೆ ಇಲ್ಲಿ ಕಾಗದ ಕಡಿಮೆ, ಓಡಾಟ ಜಾಸ್ತಿ.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಸೆಕ್ಷನ್ 136(2) ಅಡಿ ಎಂ.ಆರ್. ಆದೇಶದ ವಿರುದ್ಧ ಎ.ಸಿ. ಅಪೀಲಿಗೆ 60 ದಿನ. ನಿಮ್ಮದರಲ್ಲಿ 27 ವರ್ಷ. ವಿಳಂಬ ಮನ್ನಾ ಅರ್ಜಿಯಲ್ಲಿ ಸಾಮಾನ್ಯವಾಗಿ ಇರುವ ವಾಕ್ಯ 'ಇತ್ತೀಚೆಗೆ ಪಹಣಿ ತೆಗೆಸಿದಾಗ ಗೊತ್ತಾಯಿತು' ಎಂಬುದು. ಇದನ್ನು ಮುರಿಯಲು ನಿಮ್ಮ ಕೈಯಲ್ಲೇ ಆಯುಧವಿದೆ: 2001ರ ವಾದಪತ್ರ. ಅದರಲ್ಲಿ ಅಪ್ಪ ಕ್ರಯಪತ್ರವನ್ನೂ ಖಾತೆ ಬದಲಾವಣೆಯನ್ನೂ ನಮೂದಿಸಿಯೇ ಇರುತ್ತಾನೆ. 2001ಕ್ಕೆ ಆ ಕುಟುಂಬಕ್ಕೆ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅರ್ಹತೆಯ ಮೇಲೆ ವಾದ ಶುರು ಮಾಡಬೇಡಿ. ವಿಳಂಬದ ಅರ್ಜಿಯನ್ನು ಮೊದಲು ಇತ್ಯರ್ಥ ಮಾಡಿ ಎಂದು ಲಿಖಿತ ಮೆಮೊ ಕೊಡಿ. ಎರಡನ್ನೂ ಒಟ್ಟಿಗೆ ಕಾಯ್ದಿರಿಸಿಕೊಂಡರೆ ವಿಳಂಬ ಮನ್ನಾ, ಅಪೀಲು ಪುರಸ್ಕೃತ, ಎರಡೂ ಒಂದೇ ಹಾಳೆಯಲ್ಲಿ ಹೊರಬರುವ ಅಪಾಯವಿದೆ.

ಆಕ್ಷೇಪಣೆಯಲ್ಲಿ ಎರಡು ಅಂಶ ಹಾಕಿ. ಒಂದು, ಸೆಕ್ಷನ್ 133 ಪ್ರಕಾರ ಪಹಣಿ ನಮೂದು ಬೇರೆ ರೀತಿ ರುಜುವಾತಾಗುವವರೆಗೆ ಸತ್ಯ ಎಂಬ ಊಹೆ ಇದೆ. ಎರಡು, ಹಕ್ಕು ಯಾರದು ಎಂದು ತೀರ್ಮಾನಿಸುವ ಅಧಿಕಾರ ಕಂದಾಯ ಕೋರ್ಟಿಗೆ ಇಲ್ಲ. ಸೆಕ್ಷನ್ 135ರ ಪರಂತುಕ ಅದನ್ನು ಸಿವಿಲ್ ಕೋರ್ಟಿಗೆ ಬಿಟ್ಟಿದೆ. ಅಲ್ಲಿ ಆಗಲೇ ಮೂರು ಹಂತದ ತೀರ್ಪು ಬಂದಿದೆ, ಅದು ಎ.ಸಿ.ಗೂ ಅನ್ವಯ. ಸೋತರೆ 136(3) ಅಡಿ ಡಿ.ಸಿ. ಮುಂದೆ ರಿವಿಜನ್, ಅದರ ಮೇಲೆ ಹೈಕೋರ್ಟಿಗೆ ರಿಟ್. ಅದೇ ಸಮಯದಲ್ಲಿ ಪಾಲು ದಾವೆಯೂ ನಡೆಯುತ್ತಿದೆ ಎಂಬುದನ್ನು ಎ.ಸಿ. ಗಮನಕ್ಕೆ ತನ್ನಿ, ದಾವೆಯ ವಾದಪತ್ರದ ನಕಲು ಕೊಡಿ. ಒಂದೇ ಹಕ್ಕಿಗೆ ಎರಡು ಬಾಗಿಲು ಬಡಿಯುತ್ತಿದ್ದಾನೆ ಎಂಬುದು ಅಲ್ಲೇ ಕಾಣುತ್ತದೆ. ಎರಡು ಕಡೆ ಹೇಳಿರುವ 'ಗೊತ್ತಾದ ದಿನಾಂಕ' ಬೇರೆಬೇರೆ ಇದ್ದರೆ ಇನ್ನೂ ಒಳ್ಳೆಯದು. ಇದು ಆಗಾಗ ಆಗುತ್ತದೆ, ಏಕೆಂದರೆ ಎರಡನ್ನೂ ಬರೆದ ವಕೀಲರು ಬೇರೆ.

11ನೇ ಕಾಲಂ ವಿಷಯ. ತಡೆಯಾಜ್ಞೆ ತೆರವಾದರೂ, ಅಪೀಲು ವಜಾ ಆದರೂ ಆ ನಮೂದು ತನ್ನಷ್ಟಕ್ಕೆ ಅಳಿಯುವುದಿಲ್ಲ. ಆದೇಶದ ದೃಢೀಕೃತ ನಕಲಿನ ಜೊತೆ ತಹಸೀಲ್ದಾರರಿಗೆ ಅರ್ಜಿ ಕೊಟ್ಟು, ಭೂಮಿ ಕೇಂದ್ರದಲ್ಲಿ ಸ್ವೀಕೃತಿ ಪಡೆದು, ಹೊಸ ಪಹಣಿ ತೆಗೆಸಿ ಕಣ್ಣಾರೆ ನೋಡಿ. ವಜಾ ಆಗಿ ವರ್ಷಗಳಾದ ಕೇಸಿನ ನಮೂದು ಪಹಣಿಯಲ್ಲಿ ಹಾಗೇ ಕೂತಿರುವುದು ತಾಲ್ಲೂಕು ಕಚೇರಿಗಳಲ್ಲಿ ಅಪರೂಪವಲ್ಲ. ಮಾರುವ ದಿನ ನೋಂದಣಿ ಕಚೇರಿಯಲ್ಲಿ ಅದು ಎದುರಾಗುತ್ತದೆ.

ಯಾರೂ ಕೇಳದ ಒಂದು ಅಪಾಯ ಹೇಳಿಬಿಡುತ್ತೇನೆ. ಅಣ್ಣನ ಮನೆಯವರೂ ತಮ್ಮನ ಮನೆಯವರೂ ಸೇರಿ, ಖರೀದಿದಾರರನ್ನು ಪಕ್ಷಕಾರ ಮಾಡದೆ ಬೇರೊಂದು ಪಾಲು ದಾವೆ ಹಾಕಿ, ಲೋಕ ಅದಾಲತ್‌ನಲ್ಲಿ ರಾಜಿ ಡಿಕ್ರಿ ಮಾಡಿಕೊಳ್ಳುವುದು. ಆ ಡಿಕ್ರಿ ಖರೀದಿದಾರರಿಗೆ ಬದ್ಧವಲ್ಲ, ನಿಜ. ಆದರೆ ಅದನ್ನು ಹಿಡಿದು ಎಂ.ಆರ್.ಗೆ ಅರ್ಜಿ ಕೊಡುತ್ತಾರೆ. ಮ್ಯುಟೇಶನ್ ನೋಟಿಸ್ ಬಂದು ಅದರ ಗಡುವಿನೊಳಗೆ ತಕರಾರು ಹಾಕದಿದ್ದರೆ ಪಹಣಿ ಬದಲಾಗಿಬಿಡುತ್ತದೆ. ನೋಟಿಸ್ ಚಾವಡಿಯ ಗೋಡೆಗೆ ಮಾತ್ರ ಅಂಟಿರಬಹುದು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಪಹಣಿ, ಆರು ತಿಂಗಳಿಗೊಮ್ಮೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ, ನಮೂನೆ 15) ತೆಗೆಯಿರಿ. ಇ-ಕೋರ್ಟ್ಸ್ ತಾಣದಲ್ಲಿ ಆ ಎರಡೂ ಕುಟುಂಬದವರ ಹೆಸರು ಹಾಕಿ ವರ್ಷವಾರು ಹುಡುಕಿ. ಹೆಸರಿನ ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಹೊಡೆದಿರುತ್ತಾರೆ, ಹಾಗಾಗಿ ಹೆಸರಿನ ಮೊದಲ ನಾಲ್ಕು ಅಕ್ಷರ ಮಾತ್ರ ಹಾಕಿ ನೋಡಿ. ಸಿಕ್ಕರೆ ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್‌ಆರ್ ಸಂಖ್ಯೆ (ಪ್ರಕರಣದ ಗುರುತು ಸಂಖ್ಯೆ) ಬರೆದಿಟ್ಟುಕೊಂಡು, ರಾಜಿ ಆಗುವ ಮೊದಲೇ ಆರ್ಡರ್ 1 ರೂಲ್ 10 ಅಡಿ ಸೇರಿಸಿಕೊಳ್ಳಲು ಅರ್ಜಿ ಹಾಕಿಸಿ.

ಮತ್ತೊಂದು ಬಾಗಿಲು ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ). ಜಮೀನಿನ ಮೂಲ ಪರಿಶಿಷ್ಟರಿಗೆ ಆದ ಮಂಜೂರಾತಿಯೇ ಎಂಬುದನ್ನು ಮೂಲ ಕಡತದಲ್ಲಿ, ಸಾಗುವಳಿ ಚೀಟಿಯಲ್ಲಿ ನೋಡಿ. ಅಲ್ಲದಿದ್ದರೆ ಈ ಪ್ಯಾರಾ ನಿಮಗೆ ಬೇಡ. ಹೌದಾದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ: 1979ರ ಜನವರಿ 1ರ ನಂತರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಪರಭಾರೆ 1978ರ ಆ ಕಾಯ್ದೆಯಡಿ ಅಸಿಂಧು, ನೋಂದಣಿ ಆಗಿದ್ದರೂ. ಬಹಳ ವರ್ಷ ಬಿಟ್ಟು ಹಾಕಿದ ಅರ್ಜಿ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಆ ಕಾಯ್ದೆ ಬಂದಿದ್ದೇ ಬಡವರ ಕೈಯಿಂದ ಮಂಜೂರಾದ ನೆಲ ಹೋಗುವುದನ್ನು ತಪ್ಪಿಸಲು. ಅಲ್ಲಿ ಅರ್ಜಿ ಹಾಕಿದವರನ್ನೆಲ್ಲ 'ಕಾಟ ಕೊಡುವವರು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ.

---

ಗುಂಟೆಲೆಕ್ಕ

ಮೂರನೆಯದಕ್ಕೆ ಬರುತ್ತೇನೆ. ಇದು ಮೊದಲೆರಡಕ್ಕಿಂತ ಗಂಭೀರ, ಮತ್ತು 2008ರ ತೀರ್ಪು ಇಲ್ಲಿ ಅರ್ಧ ಮಾತ್ರ ಕಾಯುತ್ತದೆ. ಆ ದಾವೆ ತಮ್ಮನದು. ಅಣ್ಣನ ಮಗಳು ತಮ್ಮನ ಮೂಲಕ ಹಕ್ಕು ಕೇಳುತ್ತಿಲ್ಲ, ಅಪ್ಪನ ಕವಲಿನೊಳಗೆ ಕೇಳುತ್ತಿದ್ದಾಳೆ. ರೆಸ್ ಜುಡಿಕೇಟಾ ಅವಳಿಗೆ ನೇರವಾಗಿ ತಗಲದು.

ನೋಟಿಸ್‌ನಲ್ಲಿ ವಿನೀತಾ ಶರ್ಮಾ ತೀರ್ಪು ಹೇಳಿರುವುದು ಅವಳಿಗೇ ಉಪಯೋಗವಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ, 2005ರಲ್ಲಿ ತಿದ್ದುಪಡಿಯಾದ ಸೆಕ್ಷನ್ 6(1)ರ ಪರಂತುಕ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪರಭಾರೆಗಳನ್ನು ಉಳಿಸಿದೆ. 1996ರ ಕ್ರಯ ಅದರೊಳಗೆ ಬಂತು. ಹೆಚ್ಚಿನ ಉತ್ತರ ನೋಟಿಸ್‌ಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಕರ್ನಾಟಕದಲ್ಲಿ ಇನ್ನೊಂದು ಪದರ ಇದೆ: ರಾಜ್ಯದ್ದೇ ತಿದ್ದುಪಡಿ, ಸೆಕ್ಷನ್ 6-ಎ, 1994ರ ಜುಲೈ 30ರಿಂದ ಜಾರಿ. ಆ ದಿನಕ್ಕೆ ಮದುವೆ ಆಗಿರದ ಮಗಳಿಗೆ ಮಗನಂತೆಯೇ ಹಕ್ಕು ಕೊಟ್ಟಿತು. ಕ್ರಯ ಆದದ್ದು 1996, ಅಂದರೆ 1994ಕ್ಕೂ 2004ಕ್ಕೂ ನಡುವೆ. ಜಾಣ ವಕೀಲರು ದಾವೆಯಲ್ಲಿ ಇದನ್ನೇ ಹಿಡಿಯುತ್ತಾರೆ. ಆದ್ದರಿಂದ ಮೊದಲು ಮದುವೆ ದಿನಾಂಕ ಹುಡುಕಿ: ಲಗ್ನಪತ್ರಿಕೆ, ಪಡಿತರ ಚೀಟಿ, ಮೊದಲ ಮಗುವಿನ ಶಾಲೆಯ ದಾಖಲಾತಿ. 1994ಕ್ಕೆ ಮೊದಲೇ ಮದುವೆ ಆಗಿದ್ದರೆ 6-ಎ ದಾರಿ ಮುಚ್ಚಿತು.

ಆಗಿರದಿದ್ದರೆ ಎರಡು ರಕ್ಷಣೆ. ಒಂದು, ಅಪ್ಪ ಕುಟುಂಬದ ಯಜಮಾನನಾಗಿ ಅಗತ್ಯಕ್ಕೆ ಮಾರಿದ್ದರೆ ಅದು ಮಕ್ಕಳೆಲ್ಲರಿಗೂ ಬದ್ಧ, ಗಂಡು ಹೆಣ್ಣು ಎಂಬ ಭೇದವಿಲ್ಲದೆ. ಕ್ರಯಪತ್ರದಲ್ಲಿ ಮಾರುವ ಕಾರಣ ಬರೆದಿದೆಯೇ? ಸೊಸೈಟಿ ಸಾಲ ತೀರಿಸಿದ ರಸೀದಿ, ಬೋಜಾ (ಸಾಲದ ಋಣಭಾರ) ಬಿಡುಗಡೆ ಪತ್ರ, ಆಸ್ಪತ್ರೆ ಬಿಲ್ಲು ಸಿಕ್ಕರೆ ಕೂಡಿಡಿ. ಕ್ರಯಪತ್ರದ ಒಕ್ಕಣೆ ಒಂದೇ ರುಜುವಾತಲ್ಲ, ಅಗತ್ಯವನ್ನು ತೋರಿಸುವ ಹೊರೆ ಖರೀದಿದಾರರ ಮೇಲಿದೆ. ಎರಡು, ಕಾಲಮಿತಿ: ತಂದೆ ಮಾಡಿದ ಪಿತ್ರಾರ್ಜಿತ ಆಸ್ತಿಯ ಪರಭಾರೆಯನ್ನು ರದ್ದುಪಡಿಸಲು ಕಾಲಮಿತಿ ಕಾಯ್ದೆಯ ಆರ್ಟಿಕಲ್ 109 ಪ್ರಕಾರ, ಖರೀದಿದಾರ ಸ್ವಾಧೀನ ಪಡೆದ ದಿನದಿಂದ 12 ವರ್ಷ. 2008ಕ್ಕೆ ಮುಗಿಯಿತು. ಆಗ ಅವಳು ಮೈನರ್ ಆಗಿದ್ದರೂ ವಯಸ್ಕಳಾದ ಮೇಲೆ ಹೆಚ್ಚೆಂದರೆ 3 ವರ್ಷ, ಅದೂ ಆ 12 ವರ್ಷ ಅಷ್ಟರಲ್ಲಿ ಮುಗಿದುಹೋಗಿದ್ದರೆ ಮಾತ್ರ. ನೋಟಿಸಿಗೆ ಉತ್ತರ ಕೊಡಿ, ಆದರೆ ಮೂರು ಸಾಲಿನಲ್ಲಿ ಕೊಡಿ. ಎಲ್ಲ ದಾಖಲೆ ಬಿಚ್ಚಿಟ್ಟರೆ ಅದಕ್ಕೆ ತಕ್ಕಂತೆ ವಾದಪತ್ರ ತಯಾರಾಗುತ್ತದೆ.

ಜೊತೆಗೇ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನರ್ಜಿ) ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 148-ಎ, ಸಲ್ಲಿಸಿದ ದಿನದಿಂದ 90 ದಿನ ಮಾತ್ರ ಜೀವ. ಮುಗಿಯುವ ವಾರ ಮೊದಲೇ ಹೊಸದು. ಎದುರಿನವರಿಗೆ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ರಸೀದಿ ಇರಲಿ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರ ಕೋರ್ಟು, ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು, ಎರಡರಲ್ಲೂ ಹಾಕಿ. ಒಂದರಲ್ಲಿ ಹಾಕಿದರೆ ದಾವೆಯ ಮೌಲ್ಯ ಬದಲಿಸಿ ಇನ್ನೊಂದಕ್ಕೆ ಹೋಗುತ್ತಾರೆ.

---

ಹಳೇಕಡತ

ವಿವರವಾಗಿ ಬರೆದ ಇಬ್ಬರಿಗೂ ವಂದನೆ. 2008ರ ತೀರ್ಪು ತೆಗೆದು ನೋಡಿದೆ: 2ನೇ ವಿವಾದಾಂಶಕ್ಕೆ '1989ರ ಪಾಲು ರುಜುವಾತಾಗಿದೆ' ಎಂದೇ ಉತ್ತರ. ಅಣ್ಣನ ಮಗಳ ಮದುವೆ 1992. ಎರಡು ಪ್ರಶ್ನೆ ಉಳಿದಿವೆ. ತಮ್ಮನ ಮಗ ಸೋಲುವ ಸೂಚನೆ ಕಂಡ ಕೂಡಲೇ ದಾವೆ ಹಿಂದೆ ಪಡೆದು, ಮುಂದಿನ ವರ್ಷ ಇನ್ನೊಬ್ಬನ ಹೆಸರಲ್ಲಿ ಹಾಕಿದರೆ? ಮತ್ತು ಮೊದಲು ಕೇಳಿದ್ದು, ಎಲ್ಲದಕ್ಕೂ ಒಂದೇ ಆದೇಶ?

---

ಗುಂಟೆಲೆಕ್ಕ

1992 ಎಂದರೆ ಮೂರನೆಯದು ಬಹುಪಾಲು ಮುಗಿಯಿತು. ಮದುವೆಯ ದಾಖಲೆಯನ್ನು ಈಗಲೇ ಭದ್ರ ಮಾಡಿ.

ಯಾರೂ ಕೋರ್ಟಿಗೆ ಹೋಗದಂತೆ ತಡೆಯಾಜ್ಞೆ ಸಿಗದು. ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 41(ಬಿ), ತಡೆಯಾಜ್ಞೆ ಕೊಡುವ ಕೋರ್ಟಿಗೆ ಅಧೀನವಲ್ಲದ ಕೋರ್ಟಿನಲ್ಲಿ ದಾವೆ ಹೂಡುವುದನ್ನು ತಡೆಯಬಾರದು ಎನ್ನುತ್ತದೆ. ಪದೇ ಪದೇ ದಾವೆ ಹೂಡುವವರಿಗೆ ಅನುಮತಿ ಇಲ್ಲದೆ ಹೊಸ ದಾವೆ ಬೇಡ ಎನ್ನುವ ಕಾಯ್ದೆ ಮದ್ರಾಸಿನಲ್ಲಿ 1949ರಲ್ಲಿ, ಮಹಾರಾಷ್ಟ್ರದಲ್ಲಿ 1971ರಲ್ಲಿ ಬಂದಿದೆ. ಅವು ಆ ರಾಜ್ಯಗಳದ್ದು, ನಿಮ್ಮ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಆಗಬೇಕು.

ಅದಕ್ಕೆ ದಾರಿ ಪ್ರತಿ-ದಾವೆ (ಅದೇ ಕೇಸಿನಲ್ಲಿ ಪ್ರತಿವಾದಿ ಹೂಡುವ ತನ್ನದೇ ದಾವೆ). ಇದನ್ನು ಮೊದಲ ಉತ್ತರದಲ್ಲೇ ಹೇಳಬೇಕಿತ್ತು. 2008ರಲ್ಲಿ ನಿಮಗೆ ಸಿಕ್ಕಿದ್ದು ಎದುರಿನವನ ದಾವೆ ವಜಾ ಎಂಬ ಡಿಕ್ರಿ. ನಿಮ್ಮ ಹಕ್ಕನ್ನು ಘೋಷಿಸಿದ ಡಿಕ್ರಿ ಅಲ್ಲ. ಈಗ ಅವರೇ ಎರಡೂ ಕುಟುಂಬದವರನ್ನು ಸಾಲಾಗಿ ಪಕ್ಷಕಾರ ಮಾಡಿ ಕೊಟ್ಟಿದ್ದಾರೆ. ಪ್ರತಿವಾದ ಪತ್ರದ ಜೊತೆಯಲ್ಲೇ ಆರ್ಡರ್ 8 ರೂಲ್ 6-ಎ ಅಡಿ ಹಕ್ಕಿನ ಘೋಷಣೆ ಮತ್ತು ಶಾಶ್ವತ ತಡೆಯಾಜ್ಞೆ ಕೇಳಿ. ಶುಲ್ಕ ಕೋರ್ಟು ಶುಲ್ಕ ಕಾಯ್ದೆಯ ಸೆಕ್ಷನ್ 24(ಬಿ) ಪ್ರಕಾರ ಆಸ್ತಿ ಬೆಲೆಯ ಅರ್ಧದ ಮೇಲೆ. ಖುಷ್ಕಿಗೆ ಕಂದಾಯದ 25 ಪಟ್ಟಿನ ಲೆಕ್ಕವೇ ಆದ್ದರಿಂದ ಕನಿಷ್ಠ 1,000 ರೂಪಾಯಿ ಮೌಲ್ಯದ ನಿಯಮವೇ ಅನ್ವಯಿಸುವ ಸಾಧ್ಯತೆ ಹೆಚ್ಚು. ವಾದಿ ದಾವೆ ಹಿಂದೆ ಪಡೆದರೂ, ಗೈರುಹಾಜರಾಗಿ ವಜಾ ಆದರೂ ರೂಲ್ 6-ಡಿ ಪ್ರಕಾರ ಪ್ರತಿ-ದಾವೆ ಮುಂದುವರಿಯುತ್ತದೆ. ಅವನು ಬಿಟ್ಟು ಹೋಗಬಹುದು, ಕೇಸು ಹೋಗುವುದಿಲ್ಲ. ಬರುವ ಡಿಕ್ರಿ ಎಲ್ಲ ಪಕ್ಷಕಾರರಿಗೂ ಅವರ ಹಿಂದೆ ಬರುವವರಿಗೂ ತಗಲುತ್ತದೆ. ಅಣ್ಣನ ಮಗಳು ಪಕ್ಷಕಾರಳಲ್ಲದಿದ್ದರೆ ಅವಳನ್ನೂ ಸೇರಿಸಲು ಕೇಳಿ.

ಹಿಂದೆ ಪಡೆಯುವ ಅರ್ಜಿ ಬಂದರೆ ಎಚ್ಚರ. ಆರ್ಡರ್ 23 ರೂಲ್ 1(3) ಅಡಿ 'ಹೊಸ ದಾವೆಗೆ ಅನುಮತಿಯೊಂದಿಗೆ' ಎಂದು ಕೇಳಿರುತ್ತಾರೆ. ಅದಕ್ಕೆ ತಕರಾರು ಹಾಕಿ: ತಾಂತ್ರಿಕ ದೋಷ ಅಥವಾ ಅಂಥದೇ ಸಾಕಷ್ಟು ಕಾರಣ ತೋರಿಸಬೇಕು, ಸೋಲುವ ಭಯ ಕಾರಣವಲ್ಲ. ಅನುಮತಿ ಇಲ್ಲದೆ ಹಿಂದೆ ಪಡೆದರೆ 1(4) ಪ್ರಕಾರ ಅದೇ ವಿಷಯಕ್ಕೆ ಅವನು ಮತ್ತೆ ಬರುವಂತಿಲ್ಲ. ಆ ದಿನ ವಕೀಲರು ಕೋರ್ಟಿನಲ್ಲಿ ಇಲ್ಲದೆ 'ತಕರಾರಿಲ್ಲ' ಎಂದು ದಾಖಲಾದರೆ ಎಲ್ಲ ನೀರುಪಾಲು.

ವೆಚ್ಚದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಸುಳ್ಳು ದಾವೆಗೆ ಸೆಕ್ಷನ್ 35-ಎ ಅಡಿ ಗರಿಷ್ಠ ಪರಿಹಾರ 3,000 ರೂಪಾಯಿ, ಅದು ಟೈಪಿಂಗ್ ಖರ್ಚಿಗೂ ಸಾಲದು. 2011ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ 2 ಲಕ್ಷ ವಿಧಿಸಿತ್ತು ((2011) 8 ಎಸ್‌ಸಿಸಿ 249), ಅದನ್ನು ಉಲ್ಲೇಖಿಸಿ ಸೆಕ್ಷನ್ 35 ಅಡಿ ನಿಜವಾದ ಖರ್ಚಿನ ಪಟ್ಟಿ ಕೊಡಿ. ಹಳೆ ದಾವೆಯನ್ನು ಮುಚ್ಚಿಟ್ಟು ಪ್ರಮಾಣ ಮಾಡಿದ್ದಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 379 (ಹಿಂದಿನ ಸಿಆರ್‌ಪಿಸಿ 340) ಅಡಿ ಅರ್ಜಿ ಹಾಕಬಹುದು. ಹಾಕುವ ಮೊದಲು ಮಗನಿಗೆ ಹಳೆ ದಾವೆ ಗೊತ್ತಿತ್ತು ಎಂದು ಪಾಟೀಸವಾಲಿನಲ್ಲಿ ಅವನ ಬಾಯಿಂದಲೇ ಹೊರಡಿಸಬೇಕು. ಅಷ್ಟರವರೆಗೆ ಅದನ್ನು ಚೀಲದಲ್ಲೇ ಇಟ್ಟುಕೊಳ್ಳಿ.

---

ಮೆಟ್ಟಿಲುಸವೆದವರು

ಒಂದು ಸೇರ್ಪಡೆ. ಪ್ರತಿ-ದಾವೆ ಹಾಕುವ ಮೊದಲು ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಕೊಟ್ಟು ಅಳತೆ ಮಾಡಿಸಿ, ಸುತ್ತಲಿನ ಹಿಡುವಳಿದಾರರಿಗೆ ನೋಟಿಸ್ ಜಾರಿಯಾದ ದಾಖಲೆ, ನಕ್ಷೆ ಎರಡನ್ನೂ ಪಡೆಯಿರಿ. 3 ಎಕರೆ 12 ಗುಂಟೆಯಲ್ಲಿ ಖರಾಬು (ಸಾಗುವಳಿಗೆ ಬಾರದ ಭಾಗ) ಎಷ್ಟು ಎಂದು ಆಕಾರ್‌ಬಂದ್‌ನಲ್ಲಿ ನೋಡಿ. ಕ್ರಯಪತ್ರದಲ್ಲಿ ಖರಾಬು ಸೇರಿಸಿ, ಪಹಣಿಯಲ್ಲಿ ಬಿಟ್ಟು ಬರೆದಿದ್ದರೆ ಷೆಡ್ಯೂಲ್‌ನಲ್ಲಿ ಎರಡನ್ನೂ ಬಿಡಿಸಿ ಬರೆಸಿ. ಡಿಕ್ರಿ ಬಂದ ಮೇಲೆ ವಿಸ್ತೀರ್ಣ ತಿದ್ದಿಸಲು ಹೋದರೆ ಮತ್ತೆ ನೋಟಿಸ್, ಮತ್ತೆ ಅದೇ ಜನ.